ವಿಮೋಚನೆಯ ಚಿತ್ರಕ್ಕೆ ಸದ್ದು ತುಂಬಿದವರು ಯಾರು?

ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಹಿಡಿತದಿಂದ ಊರುಗಳನ್ನು ಬಿಡಿಸಿದ ಸುದ್ದಿಚಿತ್ರಗಳನ್ನು ನೀವೂ ನೋಡಿರುತ್ತೀರಿ. 1944ರ ಬೇಸಿಗೆ, ಫ್ರಾನ್ಸಿನ ಯಾವುದೋ ಪಟ್ಟಣ. ಟ್ಯಾಂಕುಗಳು ಸಾಲಾಗಿ ಬರುತ್ತಿವೆ, ಹೆಂಗಸರು ಹೂವೆಸೆಯುತ್ತಿದ್ದಾರೆ, ಚರ್ಚಿನ ಗಂಟೆ ಮೊಳಗುತ್ತಿದೆ, ಜನರ ಜಯಘೋಷ ಮುಗಿಲು ಮುಟ್ಟಿದೆ. ಮೈ ಜುಮ್ಮೆನ್ನುತ್ತದೆ. ಈಗ ಆ ಗಂಟೆಯ ಸದ್ದನ್ನೊಮ್ಮೆ ಗಮನವಿಟ್ಟು ಕೇಳಿ. ಅದು ಆ ಊರಿನ ಗಂಟೆಯಲ್ಲ. ಆ ಜಯಘೋಷವೂ ಬಹುಮಟ್ಟಿಗೆ ಆ ಜನರದ್ದಲ್ಲ. ಎರಡನ್ನೂ ಯಾರೋ ಸಂಕಲನದ ಕೋಣೆಯಲ್ಲಿ ಕುಳಿತು ಸೇರಿಸಿದ್ದಾರೆ.

ಕಾರಣ ಸರಳ. ಸೈನ್ಯದ ಚಿತ್ರೀಕರಣ ತಂಡಗಳು ಮುಂಚೂಣಿಗೆ ಒಯ್ಯುತ್ತಿದ್ದ ಕೈಕ್ಯಾಮೆರಾಗಳು ಧ್ವನಿಯನ್ನು ಹಿಡಿಯುತ್ತಲೇ ಇರಲಿಲ್ಲ. ಅಮೆರಿಕನ್ನರ ಐಮೋ ಕ್ಯಾಮೆರಾಕ್ಕೆ ಗಡಿಯಾರಕ್ಕೆ ಕೊಟ್ಟಂತೆ ಕೀಲಿ ಕೊಡಬೇಕಿತ್ತು. 35 ಮಿಲಿಮೀಟರ್ ಫಿಲ್ಮಿನ 100 ಅಡಿಯ ಸುರುಳಿ ಒಂದು ನಿಮಿಷ ದಾಟುವಷ್ಟರಲ್ಲಿ ಖಾಲಿ. ಮತ್ತೆ ಸುರುಳಿ ಬದಲಿಸಬೇಕು, ಅದೂ ಗುಂಡು ಹಾರುತ್ತಿರುವಾಗ. ಬ್ರಿಟಿಷ್ ಸೈನ್ಯ 1941ರಲ್ಲಿ ಇದಕ್ಕೆಂದೇ ಒಂದು ಚಿತ್ರ ಮತ್ತು ಛಾಯಾಗ್ರಹಣ ಘಟಕ ಕಟ್ಟಿ, ಪೈನ್‌ವುಡ್ ಸ್ಟುಡಿಯೋದಲ್ಲಿ ತರಬೇತಿ ಕೊಟ್ಟಿತು. ಕ್ಯಾಮೆರಾ ಹಿಡಿದವರು ಹೆಚ್ಚಾಗಿ ಸಾರ್ಜೆಂಟ್‌ಗಳು. ಅವರಲ್ಲಿ ಕೆಲವರು ಕ್ಯಾಮೆರಾ ಹಿಡಿದೇ ಸತ್ತರು.

ಅವರು ಫಿಲ್ಮಿನ ಜೊತೆಗೆ ಇನ್ನೊಂದನ್ನೂ ಕಳಿಸುತ್ತಿದ್ದರು. ಡೋಪ್ ಶೀಟ್ ಎಂದು ಕರೆಯುತ್ತಿದ್ದ ಒಂದು ಹಾಳೆ. ಯಾವ ದಿನ, ಯಾವ ಊರು, ಯಾವ ತುಕಡಿ, ಯಾವ ದೃಶ್ಯದಲ್ಲಿ ಏನಿದೆ, ಎಲ್ಲ ಅದರಲ್ಲಿ ಬರೆದಿರಬೇಕು. ಸುರುಳಿ, ಹಾಳೆ ಎರಡೂ ಲಂಡನ್ನಿಗೆ ಹೋಗಿ, ಸೆನ್ಸಾರ್ ದಾಟಿ ಸುದ್ದಿಚಿತ್ರ ಕಂಪನಿಗಳ ಕೈ ಸೇರುತ್ತಿದ್ದವು. ಅಲ್ಲಿಂದ ಮುಂದೆ ಕತ್ತರಿ, ವಾದ್ಯಗೋಷ್ಠಿ, ಗಡಸು ದನಿಯ ನಿರೂಪಕ. ಚಿತ್ರಮಂದಿರಕ್ಕೆ ಸುರುಳಿ ಹೋಯಿತು, ಹಾಳೆ ಕಡತದಲ್ಲಿ ಉಳಿಯಿತು.

ನನ್ನ ತಕರಾರು ಇಷ್ಟೇ: ಈ ಹಾಳೆಯಿಲ್ಲದೆ ಆ ಚಿತ್ರಗಳನ್ನು ಸಾಕ್ಷಿಯೆಂದು ಹಂಚಬೇಡಿ.

ಉದಾಹರಣೆಗೆ ಇಟಲಿಯ ಸ್ಯಾನ್ ಪಿಯೆಟ್ರೊ. 1943ರ ಡಿಸೆಂಬರಿನಲ್ಲಿ ಆ ಬೆಟ್ಟದೂರಿಗಾಗಿ ಘೋರ ಕದನ ನಡೆಯಿತು. ಅಮೆರಿಕನ್ ಸೈನ್ಯದ ಪರವಾಗಿ ಜಾನ್ ಹ್ಯೂಸ್ಟನ್ ಅದರ ಚಿತ್ರ ಮಾಡಿದರು. ದಶಕಗಳ ಕಾಲ ಜನ ಅದನ್ನು ಅಪ್ಪಟ ರಣರಂಗದ ದೃಶ್ಯವೆಂದೇ ನಂಬಿದ್ದರು. ಅದರ ಕಾಳಗದ ದೃಶ್ಯಗಳಲ್ಲಿ ಹೆಚ್ಚಿನವನ್ನು ಕದನ ಮುಗಿದ ಮೇಲೆ ಸೈನಿಕರಿಂದಲೇ ಮತ್ತೆ ಮಾಡಿಸಿ ತೆಗೆದದ್ದೆಂದು ಸಂಶೋಧಕರು ಮೂಲ ಸುರುಳಿಗಳನ್ನು ನೋಡಿ ತೋರಿಸಿದರು. ಹ್ಯೂಸ್ಟನ್ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಕೀಲಿ ಕ್ಯಾಮೆರಾ ಹಿಡಿದು ಕತ್ತಲ ಚಳಿಯಲ್ಲಿ ಕದನ ತೆಗೆಯುವುದು ಹುಡುಗಾಟವಲ್ಲ. ಆದರೆ ಇಂದಿಗೂ ಅದರ ತುಣುಕುಗಳನ್ನು 'ನಿಜವಾದ ಯುದ್ಧದೃಶ್ಯ' ಎಂದು ತಲೆಬರಹ ಕೊಟ್ಟು ಹಾಕುತ್ತಾರಲ್ಲ, ಅವರಿಗೆ ಯಾವ ನೆಪವಿದೆ?

ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ನ ಕಥೆ ಇನ್ನೂ ಕಠೋರ. 1945ರ ಜನವರಿ 27ರಂದು ಸೋವಿಯತ್ ಒಕ್ಕೂಟದ ಕೆಂಪು ಸೈನ್ಯ ಅಲ್ಲಿಗೆ ಮುಟ್ಟಿದಾಗ ಉಳಿದಿದ್ದವರು ಸುಮಾರು 7,000 ಮಂದಿ, ಹೆಚ್ಚಿನವರು ಎದ್ದು ನಿಲ್ಲಲಾರದಷ್ಟು ಸೊರಗಿದವರು. ಸೋವಿಯತ್ ಛಾಯಾಗ್ರಾಹಕ ಅಲೆಕ್ಸಾಂಡರ್ ವೊರೊಂತ್ಸೊವ್ ಅಲ್ಲಿದ್ದರು. ಕೆಲಕಾಲದ ನಂತರ, ಬಂದಿಗಳು ಹರ್ಷೋದ್ಗಾರದಿಂದ ಸೈನಿಕರನ್ನು ಸ್ವಾಗತಿಸುವ ದೃಶ್ಯವೊಂದನ್ನು ಬೇರೆ ಜನರನ್ನು ನಿಲ್ಲಿಸಿ ತೆಗೆದರು. ಅದನ್ನು ಆಗಿನ ಚಿತ್ರದಲ್ಲಿ ಬಳಸಲಿಲ್ಲ. ಆ ನಿರ್ಧಾರಕ್ಕೆ ನಾನು ಕೈಮುಗಿಯುತ್ತೇನೆ. ವಿಮೋಚನೆಯೆಂದರೆ ಜಯಘೋಷವೇ ಇರಬೇಕೆಂದು ಪ್ರೇಕ್ಷಕ ಬಯಸುತ್ತಾನೆ; ಅಲ್ಲಿ ಜಯಘೋಷ ಮಾಡುವ ತ್ರಾಣ ಯಾರಿಗಿತ್ತು?

ಫ್ರಾನ್ಸಿನ ಕಾನ್ ನಗರವನ್ನೂ ನೋಡಿ. 1944ರ ಜುಲೈ 7ರ ರಾತ್ರಿ ಮಿತ್ರರಾಷ್ಟ್ರಗಳ ವಿಮಾನಗಳೇ ಅದರ ಮೇಲೆ ಬಾಂಬು ಸುರಿದವು. ಎರಡು ದಿನಗಳ ನಂತರ ಅವರದೇ ಪದಾತಿ ಸೈನ್ಯ ಒಳಹೊಕ್ಕಿತು. ತಮ್ಮನ್ನು ಬಿಡಿಸಿದವರೇ ತಮ್ಮ ಮನೆ ಕೆಡವಿದವರು ಎಂಬುದು ಆ ಜನಕ್ಕೆ ಗೊತ್ತಿತ್ತು. ಅಲ್ಲಿನ ಮೂಲ ದೃಶ್ಯಗಳಲ್ಲಿ ಕಲ್ಲಿನ ರಾಶಿ, ಧೂಳು, ಅದರ ನಡುವೆ ದಾರಿ ಮಾಡಿಕೊಂಡು ನಡೆಯುವ ಸೈನಿಕರು. ಇದಕ್ಕೆ ವಿಜಯದ ತುತ್ತೂರಿ ಸೇರಿಸಿದರೆ ಒಂದು ಚೌಕಟ್ಟನ್ನೂ ಮುಟ್ಟದೆ ಚಿತ್ರದ ಅರ್ಥ ತಿರುಚಿದಂತಾಯಿತು.

'ಹಾಗಾದರೆ ಸದ್ದು ತೆಗೆದುಬಿಟ್ಟರೆ ಸತ್ಯ ಸಿಕ್ಕಿಬಿಡುತ್ತದೆಯೇ' ಎಂದು ಕೇಳಬಹುದು. ಇಲ್ಲ. ಪ್ಯಾರಿಸ್ಸಿಗೆ ಬನ್ನಿ. ಫ್ರೆಂಚ್ ಸೇನಾನಿ ಲೆಕ್ಲೆರ್ ಅವರ ಎರಡನೇ ಕವಚದಳ, ಅಂದರೆ ಟ್ಯಾಂಕುಗಳ ದಳ, ಆ ನಗರವನ್ನು ಬಿಡಿಸಿತು. ಆದರೆ ಅದಕ್ಕೂ ಮೊದಲೇ ಆ ದಳದಲ್ಲಿದ್ದ ಆಫ್ರಿಕದ ಕಪ್ಪು ಸೈನಿಕರನ್ನು ಹೊರಗಿಡಲಾಗಿತ್ತು. ದಳ ಬಿಳಿಯರದ್ದಾಗಿರಬೇಕೆಂಬ ಇಚ್ಛೆ ಮಿತ್ರರಾಷ್ಟ್ರಗಳ ಹಿರಿಯ ಅಧಿಕಾರಿಗಳ ಕಡತದಲ್ಲೇ ದಾಖಲಾಗಿದೆ. ಆಗಸ್ಟ್ 24ರ ಸಂಜೆ ಮೊದಲು ಒಳಹೊಕ್ಕ ತುಕಡಿಯಲ್ಲಿ ಹೆಚ್ಚಿನವರು ಸ್ಪೇನಿನ ಗಣರಾಜ್ಯವಾದಿಗಳು, ಅಂದರೆ ಅಲ್ಲಿನ ಅಂತರ್ಯುದ್ಧದಲ್ಲಿ ಸೋತು ದೇಶ ಬಿಟ್ಟವರು. ನಮ್ಮ ಕಣ್ಣಲ್ಲಿ ಉಳಿದಿರುವುದು ಆಗಸ್ಟ್ 26ರಂದು, ಹಗಲು ಬೆಳಕಿನಲ್ಲಿ, ಫ್ರೆಂಚ್ ನಾಯಕ ಡಿ ಗಾಲ್ ನಡೆದುಬಂದ ಮೆರವಣಿಗೆ. ಚಿತ್ರದಲ್ಲಿ ಯಾರೂ ಕೈಯಾಡಿಸಲಿಲ್ಲ, ನಿಜ. ಅದರ ಎದುರು ನಿಲ್ಲುವವರನ್ನು ಮಾತ್ರ ಮೊದಲೇ ಆರಿಸಿಟ್ಟಿದ್ದರು. ಕಡತ ಓದದವನಿಗೆ ಇದು ತಿಳಿಯುವ ಬಗೆ ಎಲ್ಲಿ?

ಈ ಶಿಸ್ತು ನಾನು ಕಟ್ಟಿದ್ದಲ್ಲ. 1945ರ ನವೆಂಬರ್ 29ರಂದು ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ನಾಜಿ ಶಿಬಿರಗಳ ಚಿತ್ರ ತೋರಿಸಿದರು. ಅದರ ಆರಂಭದಲ್ಲೇ ಪ್ರಮಾಣಪತ್ರಗಳಿವೆ. ಅವನ್ನು ಕೊಟ್ಟವರಲ್ಲಿ ಹಾಲಿವುಡ್ ನಿರ್ದೇಶಕ, ಆಗ ಸೈನ್ಯದ ಅಧಿಕಾರಿಯಾಗಿದ್ದ ಜಾರ್ಜ್ ಸ್ಟೀವನ್ಸ್ ಒಬ್ಬರು. ಫಿಲ್ಮನ್ನು ಪರಿಶೀಲಿಸಿ ಬಿಂಬಗಳನ್ನು ಎಲ್ಲಿಯೂ ತಿದ್ದಿಲ್ಲವೆಂದು ಖಚಿತಪಡಿಸಿದ ನೌಕಾಪಡೆಯ ಅಧಿಕಾರಿ ಇನ್ನೊಬ್ಬರು. ಹೆಣದ ರಾಶಿಗಳನ್ನು ಕಣ್ಣಾರೆ ಕಂಡವರು ಬದುಕಿದ್ದ ಕಾಲದಲ್ಲೇ ಇಷ್ಟು ಕಾಗದ ಬೇಕೆನಿಸಿತ್ತು. ಈಗ ಯಂತ್ರವೇ ಬಣ್ಣ ಬಳಿಯುತ್ತದೆ, ಇಲ್ಲದ ಚೌಕಟ್ಟುಗಳನ್ನು ನಡುವೆ ಹೊಸೆದು ಚಲನೆ ನಯಗೊಳಿಸುತ್ತದೆ, ಬೂಟುಗಾಲಿನ ಸದ್ದನ್ನೂ ಸೃಷ್ಟಿಸುತ್ತದೆ. ಶೀರ್ಷಿಕೆಯಲ್ಲಿ 'ಮೂಲ ದೃಶ್ಯ' ಎಂದಿರುತ್ತದೆ! 'ಇಲ್ಲದಿದ್ದರೆ ಯುವಜನರು ನೋಡುವುದಿಲ್ಲ' ಎಂಬ ಸಮಜಾಯಿಷಿ ಬೇರೆ. ಬಣ್ಣವೇ ಬೇಕೆಂದರೆ, ಅದೇ ಸ್ಟೀವನ್ಸ್ ತಮ್ಮ ಪಾಡಿಗೆ 16 ಮಿಲಿಮೀಟರ್ ಬಣ್ಣದ ಫಿಲ್ಮಿನಲ್ಲಿ ತೆಗೆದ ಯುದ್ಧದ ಸುರುಳಿಗಳಿವೆ. ಅವನ್ನು ತೋರಿಸಿ.

ಸೇರಿಸಲೇಬಾರದು ಎಂಬ ಮಡಿವಂತಿಕೆಯೂ ನನ್ನದಲ್ಲ. 1945ರ ಏಪ್ರಿಲ್‌ನಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಬ್ರಿಟಿಷ್ ಸಾರ್ಜೆಂಟ್‌ಗಳು ತೆಗೆದ ಸುರುಳಿಗಳನ್ನೂ, ಅಮೆರಿಕನ್ ಮತ್ತು ಸೋವಿಯತ್ ತಂಡಗಳವನ್ನೂ ಸೇರಿಸಿ ಬ್ರಿಟಿಷ್ ನಿರ್ಮಾಪಕ ಸಿಡ್ನಿ ಬರ್ನ್‌ಸ್ಟೈನ್ ಒಂದು ದೊಡ್ಡ ಚಿತ್ರ ಕಟ್ಟಲು ಹೊರಟಿದ್ದರು. ಆಲ್ಫ್ರೆಡ್ ಹಿಚ್‌ಕಾಕ್ ಸಲಹೆಗೆ ಬಂದಿದ್ದರು. ಸರ್ಕಾರದ ಆದ್ಯತೆ ಬದಲಾಯಿತು, ಕೆಲಸ ಅರ್ಧಕ್ಕೆ ನಿಂತಿತು. ಚಿತ್ರದ ಕೊನೆಯದಾದ ಆರನೇ ಸುರುಳಿ ಆಗಲೇ ಇಲ್ಲ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಅದನ್ನು 2014ರಲ್ಲಿ ಪೂರ್ಣಗೊಳಿಸಿತು. ಆಗಿನ ಸಂಕಲನಕಾರರು ಬಿಟ್ಟುಹೋಗಿದ್ದ ದೃಶ್ಯಪಟ್ಟಿ ಮತ್ತು ನಿರೂಪಣೆಯ ಬರಹ ಮುಂದಿಟ್ಟುಕೊಂಡು, ಒಂದೊಂದೇ ತುಣುಕು ಹುಡುಕಿ ಜೋಡಿಸಿದರು. ನಿರೂಪಣೆಯನ್ನು ಹೊಸದಾಗಿ ಧ್ವನಿಮುದ್ರಿಸಿದರು. ಹಾಗೆ ಮಾಡಿದ್ದೇವೆಂದು ಎಲ್ಲರಿಗೂ ಹೇಳಿದರು.