ಕಡಲ ತಳದ ಬೆಳ್ಳಿಗೆ ವಾರಸುದಾರ ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಮುನ್ನೂರು ವರ್ಷದ ಹಿಂದೆ ಮುಳುಗಿದ ಒಂದು ಹಡಗು, ಅದಕ್ಕೆ ಈಗ ನಾಲ್ಕು ದಿಕ್ಕಿಂದ ವಾರಸುದಾರರು ಬಂದು ನಿಂತಿದಾರೆ, ಒಬ್ಬೊಬ್ಬರ ಮಾತೂ ಬೇರೆ ಬೇರೆಯಾಗಿ ಕೇಳಿದ್ರೆ ಹೌದಲ್ವಾ ಇವರದ್ದೇ ನ್ಯಾಯ ಅನ್ಸತ್ತೆ. ಆ ಹಡಗಿನ ಹೆಸರು ಸಾನ್ ಹೋಸೆ. ಸ್ಪೇನ್ ದೇಶದ ಯುದ್ಧನೌಕೆ. ಪೆರು ಕಡೆಯಿಂದ ಪನಾಮಾಕ್ಕೆ ಬಂದು ಸೇರಿದ ಬೆಳ್ಳಿ ಬಂಗಾರ ಎಲ್ಲಾ ತುಂಬ್ಕೊಂಡು, ಈಗಿನ ಕೊಲಂಬಿಯಾದ ಕಾರ್ತಹೇನ ಬಂದರಿನ ಕಡೆ ಬರ್ತಾ ಇತ್ತು. ಯುರೋಪಲ್ಲಿ ಆಗ ಸ್ಪೇನಿನ ಸಿಂಹಾಸನಕ್ಕಾಗಿ ದೊಡ್ಡ ಯುದ್ಧ ನಡೀತಿತ್ತು, ರಾಜ ಐದನೇ ಫಿಲಿಪ್‌ಗೆ ದುಡ್ಡು ಬೇಕಿತ್ತು, ಆ ದುಡ್ಡು ಅವನ ಕೈ ಸೇರಬಾರದು ಅಂತ ಬ್ರಿಟಿಷರು ಕಾಯ್ತಾ ಕೂತಿದ್ರು. 1708ರ ಜೂನ್ 8, ಸಂಜೆ ಹೊತ್ತು, ಚಾರ್ಲ್ಸ್ ವೇಜರ್ ಅನ್ನೋ ಬ್ರಿಟಿಷ್ ಅಧಿಕಾರಿಯ ಹಡಗುಗಳು ಸಾನ್ ಹೋಸೆ ಮೇಲೆ ಬಿದ್ವು. ವೇಜರ್‌ಗೆ ಬೇಕಾಗಿದ್ದಿದ್ದು ಹಡಗನ್ನ ಹಿಡಿಯೋದು, ಮುಳುಗಿಸೋದಲ್ಲ, ಆದ್ರೆ ಹಡಗು ಮುಳುಗೇಹೋಯ್ತು. ಸುಮಾರು 600 ಜನ ಇದ್ರು ಅದರಲ್ಲಿ. ಬದುಕಿದ್ದು ಹನ್ನೊಂದೋ ಹನ್ನೆರಡೋ ಜನ ಅಷ್ಟೇ.

ಈ ಹಡಗಿನ ಸುದ್ದಿ ಬಂದಾಗೆಲ್ಲ ಪೇಪರಲ್ಲಿ, ಟಿವಿಯಲ್ಲಿ ಮೊದಲು ಹೇಳೋದು ಅದರ ಬೆಲೆ. 1,700 ಕೋಟಿ ಡಾಲರ್ ಅಂತೆ. ಆ ಅಂಕಿ ಕೇಳಿದ ತಕ್ಷಣ ಆ 600 ಜನ ಮರೆತುಹೋಗ್ತಾರೆ. ನನಗೆ ಬೇಜಾರಾಗೋದು ಅಲ್ಲೇ.

2015ರ ನವೆಂಬರಲ್ಲಿ ಕೊಲಂಬಿಯಾದ ನೌಕಾಪಡೆ ಒಂದು ಯಂತ್ರದ ಸಹಾಯದಿಂದ ಇದನ್ನ ಪತ್ತೆಹಚ್ಚಿತು. ಮನುಷ್ಯರಿಲ್ಲದೆ ತಾನೇ ಓಡಾಡೋ ಜಲಾಂತರ್ಗಾಮಿ, ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯದು, ಸುಮಾರು 600 ಮೀಟರ್ ಆಳಕ್ಕೆ ಇಳಿದು ಫೋಟೋ ತೆಗೀತು. ಫೋಟೋದಲ್ಲಿ ಕಂಚಿನ ಫಿರಂಗಿಗಳು, ಆ ಫಿರಂಗಿಗಳ ಮೈಮೇಲೆ ಡಾಲ್ಫಿನ್ ಕೆತ್ತನೆ. ಅದನ್ನ ನೋಡೇ ಇದು ಸಾನ್ ಹೋಸೆ ಅಂತ ಖಾತ್ರಿ ಆಗಿದ್ದು. ಡಿಸೆಂಬರಲ್ಲಿ ಅಧ್ಯಕ್ಷ ಸಾಂತೋಸ್ ಜಗತ್ತಿಗೆಲ್ಲ ಹೇಳಿದ್ರು, ಹೇಳಿದ್ದೇ ತಡ, ಜಗಳ ಶುರು.

ಕೊಲಂಬಿಯಾ ಹೇಳತ್ತೆ, ನಮ್ಮ ಕಡಲಲ್ಲಿದೆ, ನಮ್ಮದು. ಸ್ಪೇನ್ ಹೇಳತ್ತೆ, ಅದು ನಮ್ಮ ಬಾವುಟ ಹೊತ್ತ ಯುದ್ಧನೌಕೆ, ಅಲ್ಲಿ ಸತ್ತು ಮಲಗಿರೋರು ನಮ್ಮ ನಾವಿಕರು, ಮುಳುಗಿದ ಮಾತ್ರಕ್ಕೆ ನಮ್ಮ ಹಕ್ಕು ಹೋಗಲ್ಲ. ಅಮೆರಿಕದ ಸೀ ಸರ್ಚ್ ಆರ್ಮಡಾ ಅನ್ನೋ ಕಂಪನಿ ಹೇಳತ್ತೆ, ನಮ್ಮೋರು 1981ರಲ್ಲೇ ಜಾಗ ಕಂಡುಹಿಡಿದಿದ್ರು, ನೀವು ಈಗ ಹೊಸದಾಗಿ ಹುಡುಕಿದ್ದೇನೂ ಅಲ್ಲ. ಆ ಕಂಪನಿ ದಶಕಗಟ್ಟಲೆ ಕೋರ್ಟು ಸುತ್ತಿ, ಕೊನೆಗೆ 2022ರ ಡಿಸೆಂಬರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ಪಂಚಾಯ್ತಿ ನ್ಯಾಯಾಲಯದ ಮುಂದೆ 1,000 ಕೋಟಿ ಡಾಲರ್ ಕೇಳಿದೆ. ನಾಲ್ಕನೆಯವರು ಬೊಲಿವಿಯಾದ ಬೆಟ್ಟದ ಜನ, ಖಾರಾ ಖಾರಾ ಅಂತ ಅವರ ಹೆಸರು. ಅವರ ಕಥೆಗೆ ಆಮೇಲೆ ಬರ್ತೀನಿ, ಯಾಕಂದ್ರೆ ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವ ಇರೋದೇ ಅವರಲ್ಲಿ.

ನಿಧಿ ಯಾರದ್ದು ಅನ್ನೋ ಪ್ರಶ್ನೆ ನಮಗೇನೂ ಹೊಸದಲ್ಲ. ನಮ್ಮ ಹಳೇ ದಾನಶಾಸನಗಳನ್ನ ಓದಿದೋರಿಗೆ ಗೊತ್ತಿರತ್ತೆ, ಊರು ಬಿಟ್ಟುಕೊಡುವಾಗ ನಿಧಿ ನಿಕ್ಷೇಪ ಜಲ ಪಾಷಾಣ ಅಂತ ಎಂಟು ಹಕ್ಕುಗಳನ್ನ ಸಾಲಾಗಿ ಹೇಳ್ತಾರೆ, ಅಷ್ಟಭೋಗ ಅಂತ. ಅದರಲ್ಲಿ ಮೊದಲು ಬರೋದೇ ನಿಧಿ. ನೆಲ ಯಾರಿಗೆ ಹೋಯ್ತೋ ಅದರೊಳಗಿನ ಕೊಪ್ಪರಿಗೆನೂ ಅವರಿಗೇ ಅಂತ ಕಲ್ಲಲ್ಲಿ ಬರೆದುಬಿಟ್ಟಿದಾರೆ, ಮುಂದೆ ಜಗಳ ಬೇಡ ಅಂತ. ಆಮೇಲೆ ಬ್ರಿಟಿಷರು 1878ರಲ್ಲಿ ನಿಧಿ ಕಾಯ್ದೆ ಮಾಡಿದ್ರು, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಮಣ್ಣಲ್ಲಿ ಸಿಕ್ಕಿದ್ರೆ ಕಲೆಕ್ಟರಿಗೆ ತಿಳಿಸಬೇಕು ಅಂತ. ಇದೆಲ್ಲ ನೆಲದ ಮಾತು. ನೆಲಕ್ಕೆ ಗಡಿಕಲ್ಲು ಇರತ್ತೆ, ಪಹಣಿ ಇರತ್ತೆ. ಕಡಲ ತಳದಲ್ಲಿ ಏನಿದೆ? ಅಲ್ಲಿ ಬಹಳ ಕಾಲ ನಡ್ಕೊಂಡು ಬಂದಿದ್ದು ಸಿಕ್ಕಿದವರಿಗೆ ಸೀರುಂಡೆ ಅನ್ನೋ ಲೆಕ್ಕ.

ಕಂಪನಿಗಳ ವಾದ ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ. ವರ್ಷಗಟ್ಟಲೆ ಹಳೇ ದಾಖಲೆ ಓದಬೇಕು, ಹಡಗು ಬಾಡಿಗೆಗೆ ತಗೋಬೇಕು, ಯಂತ್ರ ಇಳಿಸಬೇಕು, ಕೊನೆಗೆ ಏನೂ ಸಿಗದೆ ಬರಿಗೈಲಿ ಬರೋದೂ ಇದೆ. ಕಷ್ಟಪಟ್ಟೋರಿಗೆ ಏನಾದ್ರೂ ಕೊಡಲೇಬೇಕು. ಆದ್ರೆ ಏನು ಕೊಡಬೇಕು ಅನ್ನೋದು ಪ್ರಶ್ನೆ. ಹಿಂದೆ ಊರಲ್ಲಿ ಸೇದುವಾಗ ಕೊಡ ಬಾವಿಗೆ ಬಿದ್ರೆ ಪಾತಾಳಗರಡಿ ತಂದು ಎತ್ತಿಕೊಡೋರು ಇರ್ತಿದ್ರು. ಎತ್ತಿಕೊಟ್ಟೋನಿಗೆ ಕೂಲಿ ಕೊಡೋದು ಸರಿ, ಊಟ ಹಾಕೋದೂ ಸರಿ, ಆದ್ರೆ ಕೊಡ ಅವನದ್ದು ಅಂತ ಯಾರೂ ಅಂತಿರಲಿಲ್ಲ. ನನ್ನ ನಿಲುವು ಇಷ್ಟೇ, ಹುಡುಕಿದೋರಿಗೆ ಕೂಲಿ ಕೊಡಿ, ಬೇಕಾದ್ರೆ ಕೈತುಂಬ ಕೊಡಿ, ಮಾಲು ಹಂಚ್ಕೊಡಬೇಡಿ. ಹಂಚಿದ್ರೆ ಏನಾಗತ್ತೆ ಅಂದ್ರೆ, ಕಂಪನಿಯ ಪಾಲಿನ ನಾಣ್ಯ ಹರಾಜಿಗೆ ಹೋಗತ್ತೆ, ಒಂದು ಲಂಡನ್ನಲ್ಲಿ ಒಬ್ಬರ ಮನೆ ಲಾಕರಲ್ಲಿ, ಇನ್ನೊಂದು ದುಬೈಲಿ, ಮತ್ತೊಂದು ಎಲ್ಲೋ. ಯಾವ ನಾಣ್ಯ ಯಾವುದರ ಪಕ್ಕ ಬಿದ್ದಿತ್ತು, ಯಾರ ಪೆಟ್ಟಿಗೆಯಲ್ಲಿತ್ತು, ಅದು ರಾಜನ ತೆರಿಗೆಯೋ ಯಾವನೋ ವ್ಯಾಪಾರಿ ಕದ್ದು ಸಾಗಿಸ್ತಿದ್ದ ಮಾಲೋ, ಅದ್ಯಾವುದೂ ಆಮೇಲೆ ಗೊತ್ತಾಗಲ್ಲ.

ಕೊಲಂಬಿಯಾದಲ್ಲೇ 2013ರಲ್ಲಿ ಒಂದು ಕಾನೂನು ಬಂದಿತ್ತು, ಒಂದೇ ಥರದ ವಸ್ತುಗಳು ಬಹಳ ಸಿಕ್ಕಿದ್ರೆ ಅದರಲ್ಲಿ ಒಂದು ಪಾಲನ್ನ ಕಂಪನಿಗೆ ಸಂಭಾವನೆಯಾಗಿ ಕೊಡಬಹುದು ಅಂತ. ಆಗ ಅಲ್ಲಿನ ವಿದ್ವಾಂಸರು ಸುಮ್ನೆ ಕೂರಲಿಲ್ಲ, ಗಲಾಟೆ ಮಾಡಿದ್ರು. ಕೊನೆಗೆ 2020ರಲ್ಲಿ ಸರ್ಕಾರವೇ ಇಡೀ ಹಡಗು, ಅದರಲ್ಲಿರೋ ಒಂದೊಂದು ನಾಣ್ಯನೂ ಸೇರಿ, ರಾಷ್ಟ್ರದ ಸಾಂಸ್ಕೃತಿಕ ಆಸ್ತಿ, ಒಂದು ಚೂರೂ ಮಾರಾಟಕ್ಕಿಲ್ಲ ಅಂತ ಘೋಷಣೆ ಮಾಡ್ತು. ಇದು ಸಣ್ಣ ಮಾತಲ್ಲ. ಶ್ರೀಮಂತ ದೇಶ ಅಲ್ಲ ಅದು, ಅಷ್ಟು ದುಡ್ಡು ಕಣ್ಮುಂದೆ ಇರುವಾಗ ಮಾರಲ್ಲ ಅನ್ನೋಕೆ ಗಟ್ಟಿ ಮನಸ್ಸು ಬೇಕು.

ಸ್ಪೇನಿನ ವಾದಕ್ಕೂ ಬಲ ಇದೆ. 1804ರಲ್ಲಿ ಪೋರ್ಚುಗಲ್ ತೀರದ ಹತ್ತಿರ ಬ್ರಿಟಿಷರು ಮೆರ್ಸೆಡೆಸ್ ಅನ್ನೋ ಇನ್ನೊಂದು ಸ್ಪೇನ್ ಹಡಗನ್ನ ಸಿಡಿಸಿದ್ರು. ದಿಯೆಗೊ ದೆ ಅಲ್ವೆಯರ್ ಅನ್ನೋ ಅಧಿಕಾರಿ, ಹೆಂಡತಿ ಮಕ್ಕಳನ್ನ ಆ ಹಡಗಲ್ಲಿ ಬಿಟ್ಟು ತಾನು ಒಬ್ಬ ಮಗನ ಜೊತೆ ಪಕ್ಕದ ಹಡಗಲ್ಲಿದ್ದ, ಅವನ ಕಣ್ಣೆದುರೇ ಹೆಂಡತಿ, ಏಳು ಮಕ್ಕಳು ಹೋದ್ರು. 2007ರಲ್ಲಿ ಒಡಿಸ್ಸಿ ಅನ್ನೋ ಅಮೆರಿಕದ ಕಂಪನಿ ಆ ಜಾಗದಿಂದ ಸುಮಾರು 17 ಟನ್, ಐದು ಲಕ್ಷಕ್ಕೂ ಹೆಚ್ಚು ನಾಣ್ಯ ಎತ್ತಿ ವಿಮಾನದಲ್ಲಿ ಫ್ಲಾರಿಡಾಕ್ಕೆ ಸಾಗಿಸಿಬಿಡ್ತು. ಸ್ಪೇನ್ ಕೇಸು ಹಾಕ್ತು, ಯುದ್ಧನೌಕೆ ಮುಳುಗಿದ್ರೂ ಆ ದೇಶದ್ದೇ ಅಂತ ಅಮೆರಿಕದ ಕೋರ್ಟುಗಳು ಹೇಳಿದ್ವು, 2012ರ ಫೆಬ್ರವರಿಯಲ್ಲಿ ಎರಡು ಮಿಲಿಟರಿ ವಿಮಾನದಲ್ಲಿ ಅಷ್ಟೂ ನಾಣ್ಯ ಸ್ಪೇನಿಗೆ ವಾಪಸ್ ಹೋಯ್ತು. ಒಳ್ಳೇದೇ ಆಯ್ತು. ಆದ್ರೆ ಅದೇ ಕೇಸಲ್ಲಿ ಪೆರು ದೇಶವೂ ಬಂದು ಕೇಳಿತ್ತು, ಆ ಬೆಳ್ಳಿ ನಮ್ಮ ನೆಲದ್ದು, ನಮ್ಮ ಜನ ಅಗೆದಿದ್ದು ಅಂತ. ಅದನ್ನ ಕೋರ್ಟು ಒಪ್ಪಲಿಲ್ಲ. ಹಡಗು ಯಾರದ್ದು ಅಂತ ಕೇಳಿದ್ರೇ ಹೊರತು ಬೆಳ್ಳಿ ಎಲ್ಲಿಂದ ಬಂತು ಅನ್ನೋದು ಲೆಕ್ಕಕ್ಕೆ ಬರಲೇ ಇಲ್ಲ.

ಅದಕ್ಕೇ ಖಾರಾ ಖಾರಾ ಜನರ ಮಾತು ಕೇಳಬೇಕು ಅನ್ನೋದು. ಸಾನ್ ಹೋಸೆಯ ಬೆಳ್ಳಿ ನಮ್ಮ ಹಿರಿಯರು ಅಗೆದಿದ್ದು ಅಂತಾರೆ ಅವರು. ಈಗಿನ ಬೊಲಿವಿಯಾದಲ್ಲಿ ಪೊಟೋಸಿ ಅಂತ ಊರು, ಆಗ ಅದು ಪೆರು ಆಡಳಿತಕ್ಕೆ ಸೇರಿತ್ತು, ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರ. ಅಲ್ಲೊಂದು ಬೆಟ್ಟ, ಸೆರ್ರೊ ರಿಕೊ. 1545ರಲ್ಲಿ ಸ್ಪೇನಿನವರಿಗೆ ಅಲ್ಲಿ ಬೆಳ್ಳಿ ಇರೋದು ಗೊತ್ತಾಯ್ತು. 1570ರ ದಶಕದಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಮಿತಾ ಅನ್ನೋ ಬಿಟ್ಟಿ ಚಾಕರಿ ಥರದ್ದೊಂದು ಕಟ್ಟುಪಾಡು ಹೇರಿದ. ಸುತ್ತಿನ ಪ್ರಾಂತ್ಯಗಳ ದುಡಿಯೋ ಗಂಡಸರಲ್ಲಿ ಏಳಕ್ಕೊಬ್ಬ ಸರದಿ ಮೇಲೆ ಬಂದು ಒಂದು ವರ್ಷ ಗಣಿ ಕೆಲಸ ಮಾಡಬೇಕು. ಹೆಂಡತಿ ಮಕ್ಕಳನ್ನೂ ಕರ್ಕೊಂಡು, ಸಾಮಾನು ಲಾಮಾ ಪ್ರಾಣಿಗಳ ಮೇಲೆ ಹೇರ್ಕೊಂಡು ವಾರಗಟ್ಟಲೆ ನಡೆದು ಬರ್ತಿದ್ರು. ಗಣಿಯೊಳಗೆ ಹೇಗಿರ್ತಿತ್ತು ಅಂತ ಆ ಕಾಲದ ಒಬ್ಬ ಪಾದ್ರಿ ಬರೆದಿಟ್ಟಿದಾನೆ. ಅದಿರನ್ನ ಕಂಬಳಿಯಲ್ಲಿ ಕಟ್ಟಿ, ಗಂಟನ್ನ ಎದೆಗೆ ಬಿಗಿದು ಬೆನ್ನಮೇಲೆ ಹೊತ್ಕೊಂಡು, ತೊಗಲಿನ ಹಗ್ಗದ ಏಣಿ ಹತ್ತಿ ಮೇಲೆ ಬರ್ಬೇಕು. ಎರಡು ಕೈಯೂ ಏಣಿ ಹಿಡಿಯೋಕೆ ಬೇಕಲ್ಲ, ದೀಪ ಹಿಡಿಯೋದು ಹೇಗೆ? ಮುಂದೆ ಹೋಗೋನು ಮೇಣದಬತ್ತಿಯನ್ನ ಹೆಬ್ಬೆರಳಿಗೆ ಕಟ್ಕೊಂಡು ಹತ್ತುತಿದ್ದ. ಮೇಲೆ ಬಂದ ಅದಿರನ್ನ ಪುಡಿ ಮಾಡಿ ಪಾದರಸ ಬೆರೆಸೋದು, ಆ ವಿಷದ ಕೆಸರನ್ನ ತುಳಿಯೋದೂ ಇವರೇ. ಈ ಮಿತಾ 1812ರವರೆಗೂ ಕಾನೂನಲ್ಲಿತ್ತು. ಅಂದ್ರೆ ಸಾನ್ ಹೋಸೆ ಮುಳುಗೋ ಹೊತ್ತಿಗೆ ನೂರಮೂವತ್ತು ವರ್ಷದಿಂದ ಅಪ್ಪ, ಮಗ, ಮೊಮ್ಮಗ ಅಂತ ಸರದಿ ನಡೀತಾನೇ ಇತ್ತು, ಮುಳುಗಿದ ಮೇಲೂ ನೂರು ವರ್ಷ ನಡೀತು.

ಆ ಜನರ ಪೀಳಿಗೆಯವರು ಈಗ ಏನು ಕೇಳ್ತಿದಾರೆ ಗೊತ್ತಾ? ಎಲ್ಲಾ ನಮಗೇ ಕೊಡಿ ಅಂತ ಅಲ್ಲ. ಇದು ಹಂಚಿಕೊಂಡ ಪರಂಪರೆ ಅಂತ ಒಪ್ಪಿ, ನಮ್ಮನ್ನೂ ಸೇರಿಸ್ಕೊಂಡು ತೀರ್ಮಾನ ಮಾಡಿ ಅಂತ. ನಾಲ್ಕು ಜನರಲ್ಲಿ ಅತಿ ಹೆಚ್ಚು ಕಳ್ಕೊಂಡೋರು ಕೇಳ್ತಿರೋದೇ ಅತಿ ಕಡಿಮೆ. ಇದಕ್ಕೂ ಆಗಲ್ಲ ಅಂದ್ರೆ ಅದನ್ನ ನ್ಯಾಯ ಅಂತ ಹೇಗೆ ಕರೆಯೋದು?

ಇಷ್ಟು ದೂರದ ಕಥೆ ನಮಗ್ಯಾಕೆ ಅಂತ ಯಾರಿಗಾದ್ರೂ ಅನ್ಸಿದ್ರೆ ಇನ್ನೊಂದು ಹಡಗಿನ ಹೆಸರು ಹೇಳ್ತೀನಿ. ಗೇರುಸೊಪ್ಪ. ಹೌದು, ನಮ್ಮ ಶರಾವತಿ ದಡದ ಗೇರುಸೊಪ್ಪವೇ. ಬ್ರಿಟಿಷರು ಜೋಗವನ್ನ ಗೇರುಸೊಪ್ಪ ಫಾಲ್ಸ್ ಅಂತಿದ್ರು, ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ 1919ರಲ್ಲಿ ಕಟ್ಟಿಸಿದ ತನ್ನ ಒಂದು ಹಡಗಿಗೆ ಆ ಹೆಸರು ಇಟ್ಟಿತ್ತು. 1940ರ ಕೊನೆಗೆ ಕಲ್ಕತ್ತಾದಿಂದ ಚಹಾ, ಬೀಡುಕಬ್ಬಿಣ, ಜೊತೆಗೆ ರಾಶಿ ರಾಶಿ ಬೆಳ್ಳಿ ಗಟ್ಟಿ ತುಂಬ್ಕೊಂಡು ಹೊರಟಿತು. ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ, ಕಲ್ಲಿದ್ದಲು ಸಾಲದೆ ಬೆಂಗಾವಲು ಗುಂಪು ಬಿಟ್ಟು ಐರ್ಲೆಂಡ್ ಕಡೆ ತಿರುಗಿತು, 1941ರ ಫೆಬ್ರವರಿಯಲ್ಲಿ ಒಂದು ಜರ್ಮನ್ ಸಬ್‌ಮರೀನ್ ಅದನ್ನ ಹೊಡೆದು ಮುಳುಗಿಸಿತು. ಸಿಬ್ಬಂದಿಯಲ್ಲಿ ಬಹಳ ಜನ ಲಸ್ಕರ್‌ಗಳು, ಅಂದ್ರೆ ಭಾರತದ ನಾವಿಕರು. ಒಂದು ಲೈಫ್‌ಬೋಟಲ್ಲಿ ಹತ್ತಿದೋರು ಚಳಿಗೆ, ಬಾಯಾರಿಕೆಗೆ ಒಬ್ಬೊಬ್ಬರಾಗಿ ಸತ್ತರು. ಹದಿಮೂರು ದಿನ ಆದ್ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ತೀರ ಸೇರಿ ಬದುಕಿದ್ದು ರಿಚರ್ಡ್ ಏರ್ಸ್ ಅನ್ನೋ ಸೆಕೆಂಡ್ ಆಫೀಸರ್ ಒಬ್ಬರೇ.

2011ರಲ್ಲಿ ಅದೇ ಒಡಿಸ್ಸಿ ಕಂಪನಿ ಸುಮಾರು 4,700 ಮೀಟರ್ ಆಳದಲ್ಲಿ ಗೇರುಸೊಪ್ಪವನ್ನ ಹುಡುಕಿತು, ಎರಡು ವರ್ಷದಲ್ಲಿ 2,792 ಬೆಳ್ಳಿ ಗಟ್ಟಿ ಮೇಲೆ ತಂತು. ಯುದ್ಧಕಾಲದ ವಿಮೆ ಹಣ ಕೊಟ್ಟಿದ್ದರಿಂದ ಬೆಳ್ಳಿ ಬ್ರಿಟಿಷ್ ಸರ್ಕಾರದ್ದು ಅಂತ ಲೆಕ್ಕ, ಸರ್ಕಾರಕ್ಕೂ ಕಂಪನಿಗೂ ಒಪ್ಪಂದ, ಖರ್ಚು ಕಳೆದು ಉಳಿದಿದ್ದರಲ್ಲಿ ಕಂಪನಿಗೆ 80%, ಸರ್ಕಾರಕ್ಕೆ 20%. ಕಾಗದದ ಮೇಲೆ ಎಲ್ಲಾ ಸರಿಯಾಗೇ ಇದೆ. ಆ ಬೆಳ್ಳಿಯಲ್ಲಿ ಒಂದಿಷ್ಟು ಬ್ರಿಟನ್ನಿನ ಟಂಕಸಾಲೆಗೆ ಹೋಗಿ ಹೊಸ ನಾಣ್ಯ ಆಯ್ತು, ನಾಣ್ಯದ ಅಂಚಲ್ಲಿ ಗೇರುಸೊಪ್ಪ ಅಂತ ಹೆಸರೂ ಕೊರೆದ್ರು. ಬೆಳ್ಳಿ ಹೊರಟಿದ್ದು ಕಲ್ಕತ್ತಾದಿಂದ, ಹಡಗು ನಡೆಸಿ ಸತ್ತೋರಲ್ಲಿ ನಮ್ಮೋರು ಅಷ್ಟೊಂದು ಜನ, ಹೆಸರು ಮಾತ್ರ ಶರಾವತಿ ದಡದ್ದು, ಪಾಲಿನ ಲೆಕ್ಕದಲ್ಲಿ ಇರೋದು ಇಬ್ಬರೇ. ಆ ಹಡಗಲ್ಲಿ ಬೆಳ್ಳಿ ಜೊತೆಗೆ ಟಪಾಲೂ ಇತ್ತು. ಬೆಳಕು, ಗಾಳಿ ತಾಗದೆ ಕೆಸರಲ್ಲಿ ಹೂತಿದ್ದ ಕಾರಣಕ್ಕೆ 700ಕ್ಕೂ ಹೆಚ್ಚು ಕಾಗದಗಳು ಓದೋ ಹಾಗೇ ಉಳಿದಿದ್ವು, ಭಾರತದಿಂದ ಊರಿಗೆ ಬರೆದ ಸೈನಿಕರು, ವ್ಯಾಪಾರಿಗಳ ಪತ್ರಗಳು. ಅವನ್ನ ಲಂಡನ್ನಿನ ಅಂಚೆ ಮ್ಯೂಸಿಯಂ 2018ರಲ್ಲಿ ಪ್ರದರ್ಶನಕ್ಕೆ ಇಟ್ಟಿತ್ತು. ನನ್ನನ್ನ ಕೇಳಿದ್ರೆ ಆ ಹಡಗಿನ ನಿಜವಾದ ನಿಧಿ ಅದೇ, ಯಾಕಂದ್ರೆ ಅದನ್ನ ಕರಗಿಸೋಕೆ ಆಗಲ್ಲ.

ಯುನೆಸ್ಕೋ 2001ರಲ್ಲಿ ಮಾಡಿದ ಒಪ್ಪಂದ ಒಂದಿದೆ. ನೂರು ವರ್ಷಕ್ಕಿಂತ ಹೆಚ್ಚು ಕಾಲ ನೀರೊಳಗಿದ್ದ ಪರಂಪರೆಯನ್ನ ವ್ಯಾಪಾರಕ್ಕೆ ಬಳಸಬಾರದು, ಸಾಧ್ಯವಾದಷ್ಟೂ ಇದ್ದಲ್ಲೇ ಕಾಪಾಡಬೇಕು ಅಂತ. ಕೊಲಂಬಿಯಾ ಅದಕ್ಕೆ ಸೇರಿಲ್ಲ, ಸೇರಬೇಕಿತ್ತು. ಆದ್ರೂ ನಡ್ಕೊಳ್ತಿರೋ ರೀತಿ ಬಹುಪಾಲು ಹಾಗೇ ಇದೆ. 2024ರಲ್ಲಿ ಆ ಜಾಗವನ್ನ ಸಂರಕ್ಷಿತ ಪುರಾತತ್ವ ಪ್ರದೇಶ ಅಂತ ಮಾಡಿದ್ರು, ಮೊದಲು ಏನನ್ನೂ ಮುಟ್ಟದೆ ಬರೀ ಫೋಟೋ ತೆಗೆದು ಅಳತೆ ಮಾಡಿದ್ರು. ಆ ಫೋಟೋ ನೋಡೇ ನಾಣ್ಯಗಳು 1707ರಲ್ಲಿ ಲಿಮಾ ಟಂಕಸಾಲೆಯಲ್ಲಿ ಅಚ್ಚಾಗಿದ್ದು ಅಂತ ಓದಿದಾರೆ. 2025ರ ನವೆಂಬರಲ್ಲಿ ಮೊದಲ ಸಲ ಕೆಲವು ವಸ್ತು ಮೇಲೆ ಬಂದ್ವು, ಒಂದು ಫಿರಂಗಿ, ಒಂದು ಪಿಂಗಾಣಿ ಬಟ್ಟಲು, ಕೆಲವು ನಾಣ್ಯ.

ಮುಂದೆ ಕಾರ್ತಹೇನದಲ್ಲಿ ಮ್ಯೂಸಿಯಂ ಆದ್ರೆ ಆಗಲಿ, ವಸ್ತುಗಳು ಅಲ್ಲೇ ಒಟ್ಟಿಗೆ ಇರಲಿ, ಸ್ಪೇನಿನ ಪಂಡಿತರು ಬಂದು ಜೊತೆಗೆ ಅಧ್ಯಯನ ಮಾಡಲಿ, ಕಂಪನಿಗೆ ಹುಡುಕಿದ್ದಕ್ಕೆ ಏನು ಸಲ್ಲಬೇಕೋ ಅದನ್ನ ಹೇಗ್ ನ್ಯಾಯಾಲಯ ದುಡ್ಡಿನಲ್ಲೇ ಹೇಳಲಿ. ಆದ್ರೆ ಅದನ್ನ ನಡೆಸೋ ಸಮಿತಿಯಲ್ಲಿ ಖಾರಾ ಖಾರಾ ಜನರಿಗೆ ಕುರ್ಚಿ ಇರಬೇಕು, ಬರೀ ಉದ್ಘಾಟನೆ ದಿನ ಕರೆದು ಕೂರಿಸೋಕಲ್ಲ, ಯಾವುದನ್ನ ಎತ್ತಬೇಕು ಯಾವುದನ್ನ ಬಿಡಬೇಕು ಅನ್ನೋ ಮಾತಿಗೇ ಅವರು ಬೇಕು. ಮೊದಲ ಪ್ರದರ್ಶನ ಪೊಟೋಸಿಯಲ್ಲಿ ನಡೀಬೇಕು, ಬೆಟ್ಟದ ಜನ ಟಿಕೆಟ್ ಇಲ್ಲದೆ ನೋಡ್ಬೇಕು. ಹಾಗೇ ಗೇರುಸೊಪ್ಪದ ಆ ಕಾಗದಗಳ ಜೊತೆ ಅದರಲ್ಲಿ ಸತ್ತ ಲಸ್ಕರ್‌ಗಳ ಹೆಸರಿನ ಪಟ್ಟಿಯೂ ನಮ್ಮ ಹೊನ್ನಾವರಕ್ಕೋ ಕಾರವಾರಕ್ಕೋ ಒಂದು ಸಲ ಬರಲಿ ಅಂತ ನಾವೂ ಕೇಳೋಣ. ಕೇಳೋ ಹಕ್ಕು ನಮಗಿದೆ.

ನಮಸ್ಕಾರ.