ಪೆನ್ಸಿಲ್ ಹಿಡಿದು ಬೇಸ್‌ಬಾಲ್ ನೋಡೋದು | ಓರಾಕಲ್ ಪಾರ್ಕ್‌ನಲ್ಲಿ ಅಪ್ಪನ ಜೊತೆ ಒಂದು ಸಂಜೆ

ನಮಸ್ಕಾರ ಎಲ್ಲರಿಗೂ. ಮೊದಲು ಈ ಪುಸ್ತಕ ನೋಡಿ. ಇದು ಬೇಸ್‌ಬಾಲ್ ಸ್ಕೋರ್ ಬುಕ್. ಒಂದು ತಂಡಕ್ಕೆ ಒಂದು ಪುಟ. ಎಡಗಡೆ ಒಂಬತ್ತು ಬ್ಯಾಟರ್‌ಗಳ ಹೆಸರು, ಮೇಲ್ಗಡೆ ಇನ್ನಿಂಗ್ಸ್ ನಂಬರು. ಇಲ್ಲಿ ಇನ್ನಿಂಗ್ಸ್ ಅಂದರೆ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುವ ಸುತ್ತು, ಪಂದ್ಯಕ್ಕೆ ಒಂಬತ್ತು. ಪ್ರತಿ ಚೌಕದ ಒಳಗೆ ಸಣ್ಣದಾಗಿ ಡೈಮಂಡ್ ಆಕಾರ ಇದೆಯಲ್ಲ, ಅದೇ ಮೈದಾನ. ಬ್ಯಾಟ್ ಮಾಡುವ ಮೂಲೆ ಹೋಮ್, ಉಳಿದ ಮೂರು ಮೂಲೆ ಓಡಿ ಮುಟ್ಟಬೇಕಾದ ಬೇಸ್‌ಗಳು. ಬ್ಯಾಟರ್ ಮೊದಲನೇ ಬೇಸ್ ಮುಟ್ಟಿದರೆ ಒಂದು ಗೆರೆ ದಪ್ಪ ಮಾಡಬೇಕು. ಎರಡನೆಯದಕ್ಕೆ ಓಡಿದರೆ ಇನ್ನೊಂದು ಗೆರೆ. ಸುತ್ತು ಮುಗಿಸಿ ಹೋಮ್‌ಗೆ ವಾಪಸ್ ಬಂದರೆ ಇಡೀ ಡೈಮಂಡನ್ನು ಪೆನ್ಸಿಲಿನಲ್ಲಿ ತುಂಬಿಬಿಡಬೇಕು. ಒಂದು ರನ್ ಆಯಿತು.

ನಾವು ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಮಗಳು ಲಿಟ್ಲ್ ಲೀಗ್, ಅಂದರೆ ಮಕ್ಕಳ ಬೇಸ್‌ಬಾಲ್ ಆಡುತ್ತಾಳೆ, ಹುಡುಗರ ಜೊತೆಯಲ್ಲೇ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದ ಲೀಗ್ ಇದು. ಹುಡುಗಿಯರಿಗೆ ಬಾಗಿಲು ತೆರೆದದ್ದು 1974ರಲ್ಲಿ. ಇಲ್ಲಿ ಮಕ್ಕಳ ತಂಡ ಅಂದರೆ ಅಪ್ಪ ಅಮ್ಮಂದಿರಿಗೂ ಕೆಲಸ ಇರುತ್ತದೆ. ಒಬ್ಬರು ಕೋಚ್, ಒಬ್ಬರು ತಿಂಡಿ, ಒಬ್ಬರು ಸ್ಕೋರು. ನನ್ನ ಪಾಲಿಗೆ ಬಂದದ್ದು ಸ್ಕೋರು. ಪೆನ್ಸಿಲ್ ಹಿಡಿದ ಮೇಲೇ ನನಗೆ ಈ ಆಟ ನಿಜವಾಗಿ ಕಾಣಿಸಿದ್ದು. ಅದಕ್ಕೇ ಈ ವಿಡಿಯೋ.

ಮೇ ತಿಂಗಳಲ್ಲಿ ಅಪ್ಪ ಶಿವಮೊಗ್ಗದಿಂದ ಬಂದರು. ವಯಸ್ಸಿದ್ದಾಗ ಊರಿನ ಕ್ರಿಕೆಟ್ ಟೂರ್ನಮೆಂಟುಗಳಲ್ಲಿ ಅಪ್ಪನೇ ಸ್ಕೋರರ್. ಮರದ ಕೆಳಗೆ ಒಂದು ಟೇಬಲ್ಲು, ಎರಡು ಕುರ್ಚಿ, ಆ ಉದ್ದನೆಯ ಪುಸ್ತಕ. ಮೇಡನ್ ಓವರ್ ಆದರೆ ಆರು ಚುಕ್ಕೆಗಳನ್ನು ಸೇರಿಸಿ ‘ಎಂ’ ಬರೆಯುವುದನ್ನು ನನಗೆ ಕಲಿಸಿದ್ದೇ ಅವರು. ಈ ಪುಸ್ತಕ ಕೈಗೆ ಕೊಟ್ಟ ತಕ್ಷಣ ಪುಟ ತಿರುಗಿಸಿ, “ಇದೇನೇ ಇದು, ಬಾಲಿಂಗ್ ಪುಟ ಎಲ್ಲಿ?” ಅಂದರು. ಕೂತು ಹೇಳುವುದಕ್ಕಿಂತ ಕರೆದುಕೊಂಡು ಹೋಗುವುದೇ ವಾಸಿ ಅನ್ನಿಸಿತು.

ಹೀಗಾಗಿ ಸಂಜೆ ಕ್ಯಾಲ್‌ಟ್ರೇನ್ ಹತ್ತಿದೆವು. ನೋಡಿ, ಬೋಗಿ ತುಂಬ ಕಪ್ಪು, ಕಿತ್ತಳೆ ಬಣ್ಣದ ಜರ್ಸಿಗಳು. ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಓರಾಕಲ್ ಪಾರ್ಕ್. 2000ದಲ್ಲಿ ಶುರುವಾದದ್ದು, ಸುಮಾರು 41 ಸಾವಿರ ಜನ ಹಿಡಿಸುತ್ತದೆ. ಮುಂದುಗಡೆ ಜೈಂಟ್ಸ್‌ನ ಹಳೆಯ ದೊಡ್ಡ ಆಟಗಾರ ವಿಲ್ಲಿ ಮೇಸ್ ಪ್ರತಿಮೆ. ಅವರ ಜರ್ಸಿ ನಂಬರ್ 24. ಬಲಗಡೆಯ ಆ ಇಟ್ಟಿಗೆ ಗೋಡೆ ಅದಕ್ಕಾಗಿಯೇ 24 ಅಡಿ ಎತ್ತರ. ಗೋಡೆಯ ಆಚೆ ಸಮುದ್ರದ ನೀರು, ಅದೇ ಮೆಕವಿ ಕೋವ್. ಸಣ್ಣ ದೋಣಿಗಳಲ್ಲಿ ಬಲೆ ಹಿಡಿದು ಕಾಯುತ್ತಿದ್ದಾರಲ್ಲ, ಅವರು ಮೀನಿಗೆ ಬಂದವರಲ್ಲ, ಹೋಮ್ ರನ್ ಚೆಂಡಿಗೆ ಬಂದವರು! ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ತರಹ ಮೈದಾನದ ಆಚೆ ಹೊಡೆಯುವುದು. ಜೈಂಟ್ಸ್‌ನ ಬ್ಯಾರಿ ಬಾಂಡ್ಸ್ ಒಬ್ಬರೇ 35 ಸಲ ನೇರವಾಗಿ ನೀರಿಗೆ ಹೊಡೆದಿದ್ದಾರೆ.

ನಮ್ಮ ಸೀಟು ತೀರಾ ಮೇಲೆ. ಸ್ಕೋರ್ ಬರೆಯುವವರಿಗೆ ಅದೇ ಒಳ್ಳೆಯದು, ಒಂಬತ್ತೂ ಫೀಲ್ಡರ್‌ಗಳು ಒಟ್ಟಿಗೆ ಕಾಣುತ್ತಾರೆ. ಪುಸ್ತಕದಲ್ಲಿ ಅವರಿಗೆ ಹೆಸರಿಲ್ಲ, ನಂಬರ್ ಮಾತ್ರ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಮೊದಲನೇ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ದೂರದ ಔಟ್‌ಫೀಲ್ಡಿನಲ್ಲಿ ಎಡದಿಂದ 7, 8, 9. ಇದು ಜರ್ಸಿ ನಂಬರ್ ಅಲ್ಲ, ಜಾಗದ ನಂಬರ್.

ಎರಡನೇ ಇನ್ನಿಂಗ್ಸಿನಲ್ಲಿ ಒಂದು ಆಟ ಸಿಕ್ಕಿತು, ನಿಧಾನವಾಗಿ ಹೇಳುತ್ತೇನೆ. ಮೊದಲನೇ ಬೇಸಿನಲ್ಲಿ ಒಬ್ಬ ಓಟಗಾರ ನಿಂತಿದ್ದಾನೆ. ಬ್ಯಾಟರ್ ನೆಲಕ್ಕೆ ಹೊಡೆದ. ಚೆಂಡು ಪುಟಿಯುತ್ತಾ ಶಾರ್ಟ್‌ಸ್ಟಾಪ್ ಕಡೆ ಬಂತು. ಅವನು ಎತ್ತಿದವನೇ ಎರಡನೇ ಬೇಸಿಗೆ ಎಸೆದ. ಅಲ್ಲಿದ್ದವನು ಕಾಲು ತಾಗಿಸಿ, ಜಾರಿಕೊಂಡು ಬರುತ್ತಿದ್ದ ಓಟಗಾರನಿಂದ ತಪ್ಪಿಸಿಕೊಳ್ಳುತ್ತಲೇ ಮೈ ತಿರುಗಿಸಿ ಮೊದಲನೇ ಬೇಸಿಗೆ ಎಸೆದ. ಬ್ಯಾಟರ್‌ಗೆ ಇನ್ನೊಂದು ಹೆಜ್ಜೆ ಬಾಕಿ ಇತ್ತು, ಚೆಂಡು ಮೊದಲೇ ತಲುಪಿತು. ಇಬ್ಬರೂ ಔಟ್. ಪುಸ್ತಕದಲ್ಲಿ ಬರೆಯುವುದು ಮೂರೇ ಅಂಕಿ: 6-4-3. ಮೈದಾನಕ್ಕೆ ಬರದವರು ವರ್ಷಗಳ ನಂತರ ಈ ಪುಟ ತೆರೆದರೂ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಹೇಳಿಬಿಡಬಹುದು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. “ಕ್ರಿಕೆಟ್ಟಿನಲ್ಲಿ ರನ್ ಔಟ್ ಅಂತಷ್ಟೇ ಬರೆದು ಬಿಡ್ತೀವಿ. ಎಸೆದವನ ಹೆಸರೇ ಉಳಿಯಲ್ಲ,” ಅಂದರು.

ಈ ಲೆಕ್ಕದ ಬೇರು ಇರುವುದೂ ಕ್ರಿಕೆಟ್ಟಿನಲ್ಲೇ. ಹೆನ್ರಿ ಚಾಡ್ವಿಕ್ ಅಂತ ಒಬ್ಬ ಪತ್ರಕರ್ತ. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ಪಂದ್ಯಗಳ ವರದಿ ಬರೆಯುತ್ತಿದ್ದರು. 1856ರಲ್ಲಿ ಹೊಬೋಕೆನ್‌ನಲ್ಲಿ ಒಂದು ಬೇಸ್‌ಬಾಲ್ ಪಂದ್ಯ ನೋಡಿ ಮನಸ್ಸು ಸೋತರು. ಕ್ರಿಕೆಟ್ ಸ್ಕೋರ್ ಪಟ್ಟಿಯನ್ನೇ ಈ ಆಟಕ್ಕೆ ಹೊಂದಿಸಿ, ಪೇಪರಿನಲ್ಲಿ ಬರುವ ಬಾಕ್ಸ್ ಸ್ಕೋರ್‌ಗೆ, ಅಂದರೆ ಪಂದ್ಯದ ಅಂಕಿಗಳ ಪಟ್ಟಿಗೆ, ರೂಪ ಕೊಟ್ಟವರು ಅವರು. ಇದನ್ನು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು ನೀವು.

ಇಲ್ಲಿ ಓವರ್ ಇಲ್ಲ. ಪಿಚರ್ ಎಸೆಯುತ್ತಾನೆ, ಬ್ಯಾಟರ್ ಕಾಯುತ್ತಾನೆ. ಬೀಸಿ ತಪ್ಪಿದರೆ, ಅಥವಾ ಸರಿಯಾದ ಜಾಗಕ್ಕೆ ಬಂದ ಚೆಂಡನ್ನು ಬಿಟ್ಟರೆ ಸ್ಟ್ರೈಕ್. ಜಾಗ ತಪ್ಪಿ ಬಂದದ್ದನ್ನು ಬಿಟ್ಟರೆ ಬಾಲ್. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಸುಮ್ನೆ ನಡೆದುಕೊಂಡು ಮೊದಲನೇ ಬೇಸಿಗೆ. ಇಬ್ಬರ ನಡುವೆ 60 ಅಡಿ 6 ಇಂಚು. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡಿಗೆ ಅಷ್ಟು ದೂರ ಬರಲು ಅರ್ಧ ಸೆಕೆಂಡೂ ಬೇಡ. ನೆಲಕ್ಕೆ ಬೀಳುವುದೂ ಇಲ್ಲ. ಗಾಳಿಯಲ್ಲೇ ತಿರುಗಬೇಕು, ಗಾಳಿಯಲ್ಲೇ ಇಳಿಯಬೇಕು. ಬ್ಯಾಟು ಬೇರೆ ದುಂಡಗೆ. 10 ಸಲಕ್ಕೆ 3 ಸಲ ಹಿಟ್ ಮಾಡಿದರೆ, ಅಂದರೆ ಹೊಡೆದು ಬೇಸ್ ಸೇರಿದರೆ, ದೊಡ್ಡ ಬ್ಯಾಟರ್ ಅಂತ ಲೆಕ್ಕ. ಬಾಸ್ಟನ್ನಿನ ಟೆಡ್ ವಿಲಿಯಮ್ಸ್ 1941ರಲ್ಲಿ .406 ಸರಾಸರಿ ಮಾಡಿದ್ದರು, ಅಂದರೆ ಸಾವಿರಕ್ಕೆ 406 ಹಿಟ್ ಲೆಕ್ಕ. ಆಮೇಲೆ ಈಗಿನ ಎರಡು ದೊಡ್ಡ ಲೀಗುಗಳಾದ ಅಮೆರಿಕನ್, ನ್ಯಾಷನಲ್ ಲೀಗುಗಳ ಒಂದಿಡೀ ಸೀಸನ್ನಿನಲ್ಲಿ ಯಾರೂ .400 ಮುಟ್ಟಿಲ್ಲ.

ಎರಡು ಸ್ಟ್ರೈಕ್ ಆದ ಮೇಲೆ ಚೆಂಡು ಫೌಲ್ ಆದರೆ, ಅಂದರೆ ಹೊಡೆದದ್ದು ಗೆರೆಯ ಹೊರಗೆ ಬಿದ್ದರೆ, ಬ್ಯಾಟರ್ ಉಳಿದುಕೊಳ್ಳುತ್ತಾನೆ. ನನಗೆ ಅತಿ ಇಷ್ಟವಾದ ಕಥೆ ಇದರದ್ದೇ. 2018ರ ಏಪ್ರಿಲ್. ಇದೇ ಜೈಂಟ್ಸ್ ತಂಡದ ಬ್ರ್ಯಾಂಡನ್ ಬೆಲ್ಟ್ ಬ್ಯಾಟಿಂಗ್, ಏಂಜಲ್ಸ್ ತಂಡದ ಹೈಮೆ ಬರ್ರಿಯಾ ಪಿಚಿಂಗ್. ಫೌಲ್, ಮತ್ತೆ ಫೌಲ್, ಮತ್ತೂ ಫೌಲ್. ಒಬ್ಬನೇ ಬ್ಯಾಟರ್‌ಗೆ 21 ಪಿಚ್, ಅಂದರೆ 21 ಎಸೆತ. ದಾಖಲೆ ಇರುವ ಕಾಲದಿಂದ ಅಷ್ಟು ಉದ್ದದ್ದು ಇನ್ನೊಂದಿರಲಿಲ್ಲ. ಕೊನೆಗೆ ಬೆಲ್ಟ್ ಹೊಡೆದ ಚೆಂಡು ಬಲಗಡೆಯ ಫೀಲ್ಡರ್ ಕೈಗೆ ಹೋಯಿತು. ಔಟ್. ಪುಸ್ತಕದಲ್ಲಿ ಏನು ಬರೆಯಬೇಕು? ಬರೀ 9. ಅಷ್ಟು ಹೊತ್ತಿನ ಹೋರಾಟಕ್ಕೆ ಒಂದೇ ಅಂಕಿ. ಪಿಚ್‌ಗಳನ್ನೂ ಗುರುತು ಹಾಕಿಕೊಳ್ಳುವವರ ಪುಟದಲ್ಲಿ ಮಾತ್ರ ಆ ಚೌಕದ ಮೂಲೆಯಲ್ಲಿ ಚುಕ್ಕೆಗಳ ರಾಶಿ ಇರುತ್ತದೆ. ನಾನೂ ಅಂದಿನಿಂದ ಚುಕ್ಕೆ ಹಾಕುತ್ತೇನೆ.

ಬೇಸ್‌ಬಾಲ್ ನಿಧಾನ, ಬೋರು ಅನ್ನುವವರು ಜಾಸ್ತಿ. 2023ರಿಂದ ಪಿಚ್ ಕ್ಲಾಕ್ ಬಂದಿದೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡಿನೊಳಗೆ ಪಿಚರ್ ಎಸೆಯಲು ಶುರು ಮಾಡಬೇಕು. ಆ ಒಂದೇ ವರ್ಷದಲ್ಲಿ ಪಂದ್ಯದ ಸರಾಸರಿ ಸಮಯ ಸುಮಾರು 24 ನಿಮಿಷ ಇಳಿಯಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಉಳಿದ ಆ ಸೆಕೆಂಡುಗಳನ್ನು ಮಾತ್ರ ಯಾರೂ ಮುಟ್ಟಬಾರದು. ಫೀಲ್ಡರ್‌ಗಳು ಎರಡು ಹೆಜ್ಜೆ ಆಚೆ ಈಚೆ ಸರಿಯುವುದು ಆಗ. ಕ್ಯಾಚರ್ ಯಾವ ಪಿಚ್ ಬೇಕು ಅಂತ ತಿಳಿಸುವುದು ಆಗ. ಅಕ್ಕಪಕ್ಕದವರ ಜೊತೆ ಮಾತು ಹುಟ್ಟುವುದೂ ಆಗಲೇ. ಪಕ್ಕದ ಸೀಟಿನ ವಯಸ್ಸಾದ ಹೆಂಗಸೂ ಸ್ಕೋರ್ ಬರೆಯುತ್ತಿದ್ದರು. ಐದನೇ ಇನ್ನಿಂಗ್ಸಿನಲ್ಲಿ ಅಪ್ಪ ಬೆಳ್ಳುಳ್ಳಿ ಹಾಕಿದ ಫ್ರೈಸ್ ತರಲು ಹೋಗಿದ್ದರು. ಬಂದ ಮೇಲೆ ಆಕೆ ತಮ್ಮ ಪುಟ ತೋರಿಸಿ, ತಪ್ಪಿಹೋದ ಎರಡು ಔಟ್‌ಗಳನ್ನು ಬೆರಳಿಟ್ಟು ವಿವರಿಸಿದರು. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೇ. 5-3 ಅಂತ ಬರೆದಿದ್ದನ್ನು ಓದಲು ಇಂಗ್ಲಿಷ್ ಬೇಕಾಗಲಿಲ್ಲ.

ಆಮೇಲೆ ಅಪ್ಪ ಒಂದು ಪ್ರಶ್ನೆ ಕೇಳಿದರು. ಸ್ಕೋರರ್ ಆದವರು ಮಾತ್ರ ಕೇಳುವ ಪ್ರಶ್ನೆ. “ಅಂಪೈರ್ ತಪ್ಪು ಕೊಟ್ಟರೆ ನೀನು ಏನು ಬರೀತೀಯ?”

ಅದಕ್ಕೆ ನಾನು 2010ರ ಜೂನ್ 2ರ ಕಥೆ ಹೇಳಿದೆ. ಡೆಟ್ರಾಯಿಟ್ ಟೈಗರ್ಸ್ ತಂಡದ ಪಿಚರ್ ಅರ್ಮಾಂಡೊ ಗಲಾರಾಗಾ. ಎದುರಿಗೆ ಕ್ಲೀವ್‌ಲ್ಯಾಂಡ್. 26 ಬ್ಯಾಟರ್‌ಗಳು ಬಂದರು, 26 ಜನವೂ ಔಟ್. ಇನ್ನೊಬ್ಬ ಔಟಾದರೆ ಪರ್ಫೆಕ್ಟ್ ಗೇಮ್. ಒಬ್ಬನೂ ಬೇಸ್ ಮುಟ್ಟದ ಪಂದ್ಯ ಎಷ್ಟು ಅಪರೂಪ ಅಂದರೆ, ಮೇಜರ್ ಲೀಗಿನ ಇಷ್ಟು ದೊಡ್ಡ ಇತಿಹಾಸದಲ್ಲಿ 2023ರವರೆಗೆ ಆಗಿರುವುದು 24 ಮಾತ್ರ. 2012ರಲ್ಲಿ ಇದೇ ಮೈದಾನದಲ್ಲಿ ಮ್ಯಾಟ್ ಕೇನ್ ಮಾಡಿದ್ದೂ ಅದರಲ್ಲಿ ಒಂದು.

27ನೆಯ ಬ್ಯಾಟರ್ ನೆಲಕ್ಕೆ ಹೊಡೆದ. ಮೊದಲನೇ ಬೇಸಿನ ಫೀಲ್ಡರ್ ಮಿಗೆಲ್ ಕಬ್ರೆರಾ ಚೆಂಡು ಹಿಡಿದು ಎಸೆದರು, ಗಲಾರಾಗಾ ತಾವೇ ಓಡಿಬಂದು ಮೊದಲನೇ ಬೇಸಿನಲ್ಲಿ ಹಿಡಿದರು. ಸ್ಪಷ್ಟವಾಗಿ ಔಟ್. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ‘ಸೇಫ್’, ಅಂದರೆ ನಾಟ್ ಔಟ್ ಕೊಟ್ಟುಬಿಟ್ಟರು. ಗಲಾರಾಗಾ ಕೂಗಾಡಲಿಲ್ಲ. ಸಣ್ಣಗೆ ನಕ್ಕು ವಾಪಸ್ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದರು. ಪಂದ್ಯ ಮುಗಿದ ಮೇಲೆ ಜಾಯ್ಸ್ ವಿಡಿಯೋ ನೋಡಿ ತಪ್ಪು ತನ್ನದೇ ಅಂತ ಎಲ್ಲರ ಮುಂದೆ ಒಪ್ಪಿಕೊಂಡರು, ಗಲಾರಾಗಾ ಹತ್ತಿರವೂ ಕ್ಷಮೆ ಕೇಳಿದರು. ಮಾರನೇ ದಿನ ಅದೇ ತಂಡಗಳ ಪಂದ್ಯ, ಹೋಮ್ ಪ್ಲೇಟ್‌ನಲ್ಲಿ ಜಾಯ್ಸ್ ಅವರೇ ಅಂಪೈರ್. ಟೈಗರ್ಸ್ ತಂಡದ ಲೈನಪ್ ಕಾರ್ಡ್ (ಆಡುವವರ ಪಟ್ಟಿ) ಅವರ ಕೈಗೆ ತಂದುಕೊಟ್ಟದ್ದು ಗಲಾರಾಗಾ. ಜಾಯ್ಸ್ ಕಣ್ಣೊರೆಸಿಕೊಂಡರು.

ತೀರ್ಪು ಬದಲಾಗಲಿಲ್ಲ. 3-1 ಅಂತ ಬರೆಯಬೇಕಿದ್ದ ಚೌಕದಲ್ಲಿ ಇವತ್ತಿಗೂ ಒಂದು ಹಿಟ್ ಇದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಪೈರ್ ಕೊಟ್ಟಿದ್ದನ್ನೇ ಬರೀಬೇಕು. ನಾವು ಕಂಡಿದ್ದನ್ನ ಬರೆಯೋ ಹಾಗಿಲ್ಲ,” ಅಂದರು.

ಆಡುವವರಿಗೆ ಈ ಪುಸ್ತಕ ಹೇಗೆ ಕಾಣುತ್ತದೆ ಅಂತ ನನಗೆ ತೋರಿಸಿದ್ದು ಮಗಳು. ಬೇಸ್‌ಬಾಲ್ ಸ್ಕೋರ್ ಬೋರ್ಡಿನಲ್ಲಿ ರನ್, ಹಿಟ್ ಪಕ್ಕದಲ್ಲೇ ಎರರ್ ಅಂತ ಒಂದು ಕಾಲಂ ಇರುತ್ತದೆ. ಹಿಡಿಯಬೇಕಾದ ಚೆಂಡನ್ನು ಬಿಟ್ಟರೆ ಅದೂ ಎಲ್ಲರ ಎದುರಿಗೆ ಲೆಕ್ಕಕ್ಕೆ ಬರುತ್ತದೆ. ಅವಳು ಆಡುವುದು ಶಾರ್ಟ್‌ಸ್ಟಾಪ್. ಒಂದು ಪಂದ್ಯದಲ್ಲಿ ಚೆಂಡು ಅವಳ ಕಾಲ ನಡುವೆ ನುಸುಳಿ ಹೋಯಿತು. ನಾನು ‘ಇ6’ ಅಂತ ಬರೆದೆ. ನನ್ನ ಮಗಳ ಎದುರಿಗೆ ನನ್ನ ಕೈಯಲ್ಲೇ. ಪಂದ್ಯ ಮುಗಿದ ಮೇಲೆ ಓಡಿಬಂದಳು.

“ಅಮ್ಮಾ, ಅದು ಹಿಟ್ಟಾ, ಎರರಾ?”

“ಎರರ್ ಕಣೇ.”

“ಹೌದು, ಗ್ಲೌವ್ ಪೂರ್ತಿ ನೆಲಕ್ಕೆ ಇಟ್ಟಿರಲಿಲ್ಲ,” ಅಂದವಳೇ ಕಿತ್ತಳೆ ಹಣ್ಣು ತಿನ್ನಲು ಹೋದಳು. ಅಳಲಿಲ್ಲ, ಬದಲಾಯಿಸು ಅಂತ ಹಟ ಮಾಡಲಿಲ್ಲ. ಮಾರನೇ ದಿನ ಹಿತ್ತಲಿನಲ್ಲಿ ಗೋಡೆಗೆ ಚೆಂಡು ಎಸೆದು, ಬಗ್ಗಿ ಬಗ್ಗಿ ಹಿಡಿಯುತ್ತಿದ್ದಳು. ಇಷ್ಟು ಸಣ್ಣ ವಯಸ್ಸಿಗೆ ತಪ್ಪನ್ನು ಇಷ್ಟು ನೇರವಾಗಿ ನೋಡಲು ಕಲಿಸುವ ಆಟ ಅಂತ ನನಗೆ ಇದರ ಮೇಲೆ ಗೌರವ.

ಈ ವರ್ಷ ಹೊಸ ಗ್ಲೌವ್ ಕೊಡಿಸಿದೆವು. ಹೊಸ ಚರ್ಮ ಸೆಟೆದುಕೊಂಡಿರುತ್ತದೆ, ಮುಚ್ಚುವುದೇ ಇಲ್ಲ. ಎಣ್ಣೆ ಹಚ್ಚಿ, ಒಳಗೆ ಚೆಂಡಿಟ್ಟು, ರಬ್ಬರ್ ಬ್ಯಾಂಡ್ ಕಟ್ಟಿ ಹಾಸಿಗೆ ಕೆಳಗೆ ಇಡುತ್ತಾರೆ. ಅಜ್ಜ ಮೊಮ್ಮಗಳು ಸೇರಿ ಮಾಡುತ್ತಿರುವುದನ್ನು ಇಲ್ಲಿ ನೋಡಬಹುದು. ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಕುಡಿಸಿ, ಹಳೇ ಚೆಂಡಿನಿಂದ ವಾರಗಟ್ಟಲೆ ತಟ್ಟುತ್ತಿದ್ದುದನ್ನು ಅಜ್ಜ ಅವಳಿಗೆ ಹೇಳುತ್ತಿದ್ದಾರೆ.

ಪಾರ್ಕಿಗೆ ವಾಪಸ್ ಬರೋಣ. ಇಲ್ಲಿನ ಪದ್ಧತಿಯಂತೆ ಏಳನೇ ಇನ್ನಿಂಗ್ಸಿನಲ್ಲಿ ಎಲ್ಲರೂ ಎದ್ದು ಮೈ ಮುರಿದು ಹಾಡಿದ್ದಾಯಿತು. ನೀರಿನ ಕಡೆಯಿಂದ ಗಾಳಿ ಜೋರಾಯಿತು, ಕಡಲಹಕ್ಕಿಗಳು ಮೇಲೆ ಸುತ್ತತೊಡಗಿದವು. ಪಂದ್ಯ ಮುಗಿಯುವ ಹೊತ್ತಿಗೆ ಅವು ಬರುತ್ತವೆ, ಸೀಟಿನ ಕೆಳಗೆ ಬಿದ್ದ ತಿಂಡಿಗೆ. ಎಂಟನೇ ಇನ್ನಿಂಗ್ಸಿನಿಂದ ಅಪ್ಪ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. ನಾನು ಕೊಟ್ಟು ಆರಾಮಾಗಿ ಫ್ರೈಸ್ ತಿಂದೆ.

ನೀವೂ ಬೇ ಏರಿಯಾದಲ್ಲಿದ್ದರೆ, ಅಥವಾ ಮಕ್ಕಳನ್ನು ನೋಡಲು ಬಂದಿದ್ದರೆ, ಒಮ್ಮೆ ಹೋಗಿ ಬನ್ನಿ. ವರ್ಷಕ್ಕೆ 162 ಪಂದ್ಯ, ಅದರಲ್ಲಿ ಅರ್ಧ ಇಲ್ಲೇ. ಮೇಲಿನ ಸೀಟು ಸಾಕು. ಬೇಸಿಗೆಯಾದರೂ ಸ್ವೆಟರ್ ಬಿಡಬೇಡಿ. ಬಲಗಡೆ ಗೋಡೆಯ ಹೊರಗೆ, ನೀರಿನ ದಂಡೆಯ ದಾರಿಯಲ್ಲಿ ಕಮಾನುಗಳಿವೆ. ಅಲ್ಲಿ ನಿಂತರೆ ಟಿಕೆಟ್ ಇಲ್ಲದೆಯೂ ಸ್ವಲ್ಪ ಹೊತ್ತು ಆಟ ನೋಡಬಹುದು. ಸ್ಕೋರ್ ಹಾಳೆ ಬೇಕಿದ್ದರೆ ಕಾಮೆಂಟಿನಲ್ಲಿ ಕೇಳಿ, ನಾನು ಕನ್ನಡದಲ್ಲಿ ಗೆರೆ ಹಾಕಿಟ್ಟಿರುವುದನ್ನು ಕಳಿಸುತ್ತೇನೆ. ಶನಿವಾರ ಮಗಳ ಪಂದ್ಯ ಇದೆ. ಸ್ಕೋರರ್ ಕುರ್ಚಿಯಲ್ಲಿ ಅಪ್ಪ ಕೂರುತ್ತಾರೆ, ಕೋಚ್ ಒಪ್ಪಿದ್ದಾರೆ. ಅದರ ವಿಡಿಯೋ ಮುಂದಿನ ವಾರ.