ಜೋನ್: ಸಿಸಿಲಿಯ ರಾಣಿ, ಟುಲೂಸಿನ ದೊರೆಸಾನಿ

ಸಭೆಯಲ್ಲಿರುವ ಹಿರಿಯರೇ, ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ದೊರೆ, ಸಿಂಹಹೃದಯಿ ರಿಚರ್ಡನ ಹೆಸರು ಕೇಳದವರು ಕಡಿಮೆ. ಅವನ ತಂಗಿ ಜೋನಳ ಹೆಸರು ಮಾತ್ರ ಅವನ ಕಥೆಯ ನಡುವೆ ಒಂದೆರಡು ಕಡೆ ಬಂದು ಹೋಗುತ್ತದೆ, ಅಷ್ಟೆ. ಇವತ್ತು ಆಕೆಯ ಬದುಕನ್ನು ಒಂದೇ ಪ್ರಶ್ನೆ ಹಿಡಿದು ನೋಡೋಣ: ಆಕೆಗೆ ಸಲ್ಲಬೇಕಾದ ಸ್ವತ್ತು ಯಾರ ಪಾಲಾಯಿತು?

ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ ಮತ್ತು ಎಲೀನರ್ ದಂಪತಿಯ ಕಿರಿಯ ಮಗಳು ಜೋನ್ ಹುಟ್ಟಿದ್ದು 1165ರಲ್ಲಿ. ಸಿಸಿಲಿಯ ದೊರೆ ಎರಡನೇ ವಿಲಿಯಂ ಜೊತೆ ಸಂಬಂಧ ಕುದುರಿತು. 1176ರಲ್ಲಿ ಇಂಗ್ಲೆಂಡಿನಿಂದ ಹೊರಟ ಹುಡುಗಿಗೆ ಕಡಲ ಪ್ರಯಾಣ ಒಗ್ಗಲಿಲ್ಲ. ಕಾಯಿಲೆ ಬಿದ್ದಿದ್ದರಿಂದ ನೇಪಲ್ಸಿನಲ್ಲಿ ಇಳಿಸಿ, ಸುಧಾರಿಸಿಕೊಂಡ ಮೇಲೆ ಕರೆದೊಯ್ದರು. 1177ರ ಫೆಬ್ರವರಿಯಲ್ಲಿ ಸಿಸಿಲಿಯ ರಾಜಧಾನಿ ಪಲೆರ್ಮೊದ ಅರಮನೆಯ ಪ್ರಾರ್ಥನಾಮಂದಿರದಲ್ಲಿ ಮದುವೆ, ಪಟ್ಟಾಭಿಷೇಕ ಎರಡೂ ಆದವು. ಗಂಡನಿಗೆ 23, ಆಕೆಗೆ 11.

ಆ ಪಲೆರ್ಮೊ ಎಂಥದ್ದು ಗೊತ್ತೇ? ಅರಮನೆಯ ಕಚೇರಿಯಲ್ಲಿ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರೂ ನಡೆಯುತ್ತಿದ್ದವು. ಜೋನ್ ರಾಣಿಯಾಗಿದ್ದಾಗಲೇ ಅಲ್ಲಿಗೆ ಬಂದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್, ದೊರೆಗೆ ಅರಬ್ಬಿ ಓದುಬರಹ ಬರುತ್ತಿತ್ತೆಂದು ಬರೆದಿದ್ದಾನೆ. ಕ್ರಿಸ್ಮಸ್ ದಿನ ಅಲ್ಲಿನ ಕ್ರೈಸ್ತ ಹೆಂಗಸರು ಜರಿಯ ರೇಷ್ಮೆ ಉಟ್ಟು, ಬಣ್ಣದ ಮುಸುಕು ಹೊದ್ದು, ಕೈಗೆ ಮೆಹಂದಿ ಹಚ್ಚಿ, ಮುಸ್ಲಿಂ ಹೆಂಗಸರಂತೆಯೇ ಸಿಂಗರಿಸಿಕೊಂಡು ಚರ್ಚಿಗೆ ಹೋಗುತ್ತಿದ್ದರಂತೆ. ಆ ಸಾಲುಗಳನ್ನು ಓದುವಾಗಲೆಲ್ಲ ನನಗೆ ಈ ಹುಡುಗಿಯೇ ಕಣ್ಣಮುಂದೆ ಬರುತ್ತಾಳೆ. ಆಕೆ ಬೆಳೆದು ಹೆಂಗಸಾದದ್ದು ಇಂಥ ಊರಿನಲ್ಲಿ.

1189ರಲ್ಲಿ ವಿಲಿಯಂ ಉತ್ತರಾಧಿಕಾರಿ ಇಲ್ಲದೆ ತೀರಿಕೊಂಡ. ಗದ್ದುಗೆ ಹಿಡಿದ ಟ್ಯಾಂಕ್ರೆಡ್, ಜೋನಳನ್ನು ಬಂಧನದಲ್ಲಿಟ್ಟ. ಮದುವೆಯಲ್ಲಿ ಗಂಡ ಆಕೆಯ ಜೀವನಾಂಶಕ್ಕೆಂದು ಮಾಂಟೆ ಸಾಂಟ್'ಏಂಜೆಲೊ ಸೀಮೆಯನ್ನು ಬರೆದುಕೊಟ್ಟಿದ್ದ, ಅದನ್ನೂ ತಡೆಹಿಡಿದ. 1190ರಲ್ಲಿ, ಜೆರುಸಲೇಮನ್ನು ಮುಸ್ಲಿಮರಿಂದ ಮರಳಿ ಪಡೆಯುವ ಧರ್ಮಯುದ್ಧಕ್ಕೆ ಹೊರಟ ರಿಚರ್ಡ್ ಸಿಸಿಲಿಯ ಮೆಸ್ಸಿನಾಕ್ಕೆ ಬಂದಿಳಿದು ತಂಗಿಯನ್ನು ಬಿಡಿಸಿದ. ಅಣ್ಣ ಬಂದು ಬಿಡಿಸಿದ ಎಂದು ಎಲ್ಲರೂ ಕೊಂಡಾಡುತ್ತಾರೆ. ಅವನು ಕೇಳಿದ ಪಟ್ಟಿಯನ್ನೂ ನೋಡಿ: 12 ಅಡಿ ಉದ್ದದ ಚಿನ್ನದ ಮೇಜು, 200 ಜನ ಕೂತು ಉಣ್ಣುವಷ್ಟು ದೊಡ್ಡ ರೇಷ್ಮೆ ಡೇರೆ, ಯುದ್ಧನೌಕೆಗಳು, ದವಸ. ಕೊನೆಗೆ ಜೋನಳ ಸೀಮೆಗೆ ಬದಲಾಗಿ 20,000 ಔನ್ಸ್ ಚಿನ್ನಕ್ಕೆ ಒಪ್ಪಂದವಾಯಿತು. ಆ ಹಣ ರಿಚರ್ಡನ ದಂಡಯಾತ್ರೆಗೆ ಖರ್ಚಾಯಿತು.

ಅಣ್ಣನಿಗೆ ನಿಶ್ಚಯವಾಗಿದ್ದ ಬೆರೆಂಗಾರಿಯಾ ಜೊತೆ ಜೋನಳೂ ಪವಿತ್ರಭೂಮಿಗೆ ಹೊರಟಳು. 1191ರಲ್ಲಿ, ಜೆರುಸಲೇಮನ್ನು ಹಿಡಿದಿದ್ದ ಸುಲ್ತಾನ ಸಲಾದಿನ್ ಜೊತೆ ಸಂಧಾನ ನಡೆಯುತ್ತಿದ್ದಾಗ ರಿಚರ್ಡ್ ಒಂದು ಸಲಹೆ ಮುಂದಿಟ್ಟ: ಸಲಾದಿನನ ತಮ್ಮ ಅಲ್-ಆದಿಲ್ ಜೋನಳನ್ನು ಮದುವೆಯಾಗಲಿ, ಇಬ್ಬರೂ ಜೆರುಸಲೇಮಿನಿಂದ ಆಳಲಿ. ಸಲಾದಿನನ ಆಪ್ತ ಬಹಾ ಅಲ್-ದೀನ್ ಬರೆದಂತೆ, ಜೋನ್ ಕೆಂಡಾಮಂಡಲವಾಗಿ, ಆಗದು ಎಂದುಬಿಟ್ಟಳು. ಇಲ್ಲಿ ಮೊದಲ ಬಾರಿ ಆಕೆಯ ಮಾತು ನಮ್ಮ ಕಿವಿಗೆ ಬೀಳುತ್ತದೆ, ಅದೂ ಎದುರು ಪಾಳೆಯದವನ ಬರಹದಿಂದ.

1196ರಲ್ಲಿ, ಈಗಿನ ದಕ್ಷಿಣ ಫ್ರಾನ್ಸಿನ ಟುಲೂಸ್ ಸೀಮೆಯ ಒಡೆಯ ಆರನೇ ರೇಮಂಡ್ ಜೊತೆ ಎರಡನೇ ಮದುವೆ. ಎರಡು ಮನೆತನಗಳ ಹಳೆಯ ಜಗಳ ತೀರಿಸಲೆಂದೇ ಮಾಡಿದ ಸಂಬಂಧ ಅದು. ಮರುವರ್ಷ ಮಗ ಹುಟ್ಟಿದ. 1199ರಲ್ಲಿ ದಂಗೆಯೆದ್ದ ಪಾಳೆಯಗಾರರ ಲೆ ಕಾಸೆ ಕೋಟೆಗೆ ಜೋನಳೇ ಮುತ್ತಿಗೆ ಹಾಕಿದಳು. ಅವಳ ಕಡೆಯವರೇ ಕೆಲವರು ಕೋಟೆಯೊಳಗಿನವರಿಗೆ ಗುಟ್ಟಾಗಿ ಸಾಮಗ್ರಿ ಒದಗಿಸಿ, ಕಡೆಗೆ ಶಿಬಿರಕ್ಕೇ ಬೆಂಕಿಯಿಟ್ಟರು. ಹೇಗೋ ಪಾರಾಗಿ ಅಣ್ಣನ ನೆರವು ಬೇಡಲು ಹೊರಟವಳಿಗೆ ಎದುರಾದದ್ದು ರಿಚರ್ಡನ ಸಾವಿನ ಸುದ್ದಿ. ಆಗ ಆಕೆ ಬಸುರಿ.

ಫ್ರಾನ್ಸಿನ ಫಾಂಟೆವ್ರೋ ಮಠದ ಸನ್ಯಾಸಿನಿಯಾಗುತ್ತೇನೆಂದು ಹಟ ಹಿಡಿದಳು. ಗಂಡ ಬದುಕಿದ್ದಾನೆ, ಹೊಟ್ಟೆಯಲ್ಲಿ ಮಗುವಿದೆ, ಇದು ನಿಯಮಕ್ಕೆ ಹೊಂದದು ಎಂದು ಆರ್ಚ್‌ಬಿಷಪ್ ಹ್ಯೂಬರ್ಟ್ ವಾಲ್ಟರ್ ಬುದ್ಧಿ ಹೇಳಿ ಸೋತರು. ಎಪ್ಪತ್ತು ದಾಟಿದ್ದ ತಾಯಿ ಎಲೀನರ್ ಜೊತೆಗಿದ್ದಳು. ದೀಕ್ಷೆ ಸಿಕ್ಕಿತು. ಆ ಸೆಪ್ಟೆಂಬರಿನಲ್ಲಿ ರುವಾನ್ ನಗರದಲ್ಲಿ, 34 ತುಂಬುವ ಮೊದಲೇ, ಜೋನ್ ತೀರಿಕೊಂಡಳು. ಹೊಟ್ಟೆ ಸೀಳಿ ತೆಗೆದ ಮಗುವೂ ದೀಕ್ಷಾಸ್ನಾನವಾಗುವಷ್ಟು ಹೊತ್ತು ಮಾತ್ರ ಬದುಕಿತ್ತು.

ಹಿರಿಯ ಮಗ ಏಳನೇ ರೇಮಂಡ್ ತನ್ನ ಒಬ್ಬಳೇ ಮಗಳಿಗೆ ಜೋನ್ ಎಂದೇ ಹೆಸರಿಟ್ಟ. 1229ರ ಪ್ಯಾರಿಸ್ ಒಪ್ಪಂದದಲ್ಲಿ ಆ ಪುಟ್ಟ ಹುಡುಗಿಯನ್ನು ಫ್ರಾನ್ಸಿನ ದೊರೆಯ ತಮ್ಮನಿಗೆ ಕೊಡುವುದೆಂದು ಬರೆಸಿಕೊಂಡರು. 1271ರಲ್ಲಿ ಆ ದಂಪತಿ ಮಕ್ಕಳಿಲ್ಲದೆ ತೀರಿಕೊಂಡಾಗ ಟುಲೂಸ್ ಸೀಮೆ ಫ್ರಾನ್ಸಿನ ರಾಜಮನೆತನದ ಪಾಲಾಯಿತು.